ಎರಡನೆಯ ಒಡೆಯನ ಚರಿತ್ರೆ

ಚರಿತ್ರೆಯ ಪುಸ್ತಕಗಳಲ್ಲಿ ಮೊದಲನೆಯವರಿಗೆ ಸಲ್ಲುವ ಮರ್ಯಾದೆ ಎರಡನೆಯವರಿಗೆ ಸಲ್ಲುವುದಿಲ್ಲ. ೧೯೮೩ನೆಯ ಇಸವಿ ಡಿಸೆಂಬರ್ ೧೪ರಂದು ಮಾರುತಿ ೮೦೦ ಕಾರಿನ ಮೊತ್ತಮೊದಲ ಕೀಲಿಕೈಯನ್ನು ಪ್ರಧಾನಮಂತ್ರಿ ಇಂದಿರಾ ಗಾಂಧಿಯವರ ಕೈಯಿಂದ ಪಡೆದವರು ದೆಹಲಿಯ ಹರ್ಪಾಲ್ ಸಿಂಗ್ ಎಂಬುವರು. ಅವರ ಹೆಸರು, ಅವರ ಕಾರಿನ ಚಿತ್ರ ಎಲ್ಲವೂ ದಾಖಲೆಯಲ್ಲಿ ಉಳಿದಿವೆ. ಈ ಹೊಸ ಕಾರಿಗಾಗಿ ಅವರು ತಮ್ಮ ಹಳೆಯ ಫಿಯೆಟ್ಟನ್ನು ಮಾರಿದರು ಎಂಬ ಸಂಗತಿಯೂ ಉಳಿದಿದೆ. ಆದರೆ ಆ ಫಿಯೆಟ್ಟನ್ನು ಕೊಂಡ ಮಹಾನುಭಾವ ಯಾರು? ಎಷ್ಟು ಹಣ ಕೊಟ್ಟ? ಕೊಡುವ ಮೊದಲು ಬಾನೆಟ್ ಎತ್ತಿ ನೋಡಿದನೆ? ಜೊತೆಗೆ ಒಬ್ಬ ಮೆಕ್ಯಾನಿಕನನ್ನು ಕರೆದೊಯ್ದಿದ್ದನೆ? ಇದನ್ನು ಯಾರೂ ಬರೆದಿಡಲಿಲ್ಲ.

ನಮ್ಮ ದೇಶದ ಮಧ್ಯಮ ವರ್ಗದ ಎಷ್ಟೋ ಮನೆಗಳ ಅಂಗಳಕ್ಕೆ ಮೊದಲ ಕಾರು ಬಂದದ್ದು ಹೀಗೆ ಇನ್ನೊಬ್ಬರ ಅಂಗಳದಿಂದಲೇ. ಕಾರ್ಖಾನೆಗಳ ಚರಿತ್ರೆ ಇದೆ, ಉದ್ಯಮಪತಿಗಳ ಜೀವನಚರಿತ್ರೆಗಳಿವೆ. ಬಳಸಿದ ಕಾರನ್ನು ಕೂಡಿಟ್ಟ ದುಡ್ಡಿನಿಂದ ಕೊಂಡು, ಅದರಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಧರ್ಮಸ್ಥಳಕ್ಕೋ ಶೃಂಗೇರಿಗೋ ಹೊರಟ ಗೃಹಸ್ಥನ ಚರಿತ್ರೆ ಮಾತ್ರ ಇಲ್ಲ. ಬಂಧುಮಿತ್ರರ ಜೊತೆ ಹಳೆಯ ಕಾರು ನೋಡಲು ಹೋಗುವ ಕೆಲಸ ನನಗೆ ಮೂವತ್ತು ವರ್ಷಗಳಿಂದ ಅಂಟಿಕೊಂಡಿದೆ. ಆ ಸಲಿಗೆಯ ಮೇಲೆ ಅವನ ಪರವಾಗಿ ನಾಲ್ಕು ಮಾತು ಬರೆಯುತ್ತಿದ್ದೇನೆ.

ಕಥೆ ಸ್ವಾತಂತ್ರ್ಯಕ್ಕೆ ಮುಂಚಿನಿಂದ ಆರಂಭವಾಗುತ್ತದೆ. ೧೯೨೮ರಲ್ಲಿ ಜನರಲ್ ಮೋಟರ್ಸ್ ಕಂಪನಿ ಮುಂಬಯಿಯಲ್ಲಿ ಕಾರುಗಳ ಜೋಡಣೆಯನ್ನು ಪ್ರಾರಂಭಿಸಿತು. ಕೆಲಕಾಲದಲ್ಲೇ ಫೋರ್ಡ್ ಕೂಡ ಬಂದಿತು. ಭಾಗಗಳೆಲ್ಲ ಹಡಗಿನಲ್ಲಿ ಬರುತ್ತಿದ್ದವು, ಇಲ್ಲಿ ತಿರುಪು ಬಿಗಿಯುವುದಷ್ಟೇ ಕೆಲಸ. ಕಾರನ್ನು ಇಲ್ಲಿಯೇ ಹುಟ್ಟಿಸಬೇಕೆಂದು ಹಟ ಹಿಡಿದವರಲ್ಲಿ ನಮ್ಮ ವಿಶ್ವೇಶ್ವರಯ್ಯನವರು ಮುಖ್ಯರು. ೧೯೩೦ರ ದಶಕದಲ್ಲಿ ಅವರು ಯೂರೋಪು ಅಮೆರಿಕಗಳನ್ನು ಸುತ್ತಿ ಬಂದು ಮೋಟಾರು ಕಾರ್ಖಾನೆಯ ಯೋಜನೆಯೊಂದನ್ನು ಸಿದ್ಧಪಡಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅದನ್ನು ಕೈಗೆತ್ತಿಕೊಂಡರು. ಕಾರ್ಖಾನೆ ಬೆಂಗಳೂರಿನಲ್ಲಾಗಲಿ ಎಂದು ಮೈಸೂರು ಸರ್ಕಾರವೂ ಬೆಂಬಲಕ್ಕೆ ನಿಂತಿತು. ಬ್ರಿಟಿಷ್ ಸರ್ಕಾರಕ್ಕೆ ಅದು ರುಚಿಸಲಿಲ್ಲ. ಬೆಂಗಳೂರಿಗೆ ೧೯೪೦ರಲ್ಲಿ ಅದೇ ವಾಲ್‌ಚಂದರ ಮೂಲಕ ವಿಮಾನದ ಕಾರ್ಖಾನೆ ಬಂದಿತು, ಕಾರಿನದು ಬರಲಿಲ್ಲ. ವಾಲ್‌ಚಂದರು ೧೯೪೪ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದರು. ಅದಕ್ಕೆ ಎರಡು ವರ್ಷ ಮೊದಲೇ ಬಿರ್ಲಾ ಮನೆತನದ ಹಿಂದುಸ್ತಾನ್ ಮೋಟರ್ಸ್ ಹುಟ್ಟಿ, ಮುಂದೆ ಕಲ್ಕತ್ತೆಯ ಬಳಿಯ ಉತ್ತರಪಾರಾದಲ್ಲಿ ನೆಲೆಯೂರಿತು. ಮದರಾಸಿನಲ್ಲಿ ಸ್ಟ್ಯಾಂಡರ್ಡ್ ಕಂಪನಿ ಎದ್ದಿತು.

೧೯೪೯ರಲ್ಲಿ ಸರ್ಕಾರ ಪೂರ್ಣವಾಗಿ ತಯಾರಾದ ಕಾರುಗಳ ಆಮದನ್ನು ನಿಲ್ಲಿಸಿತು. ೧೯೫೩ರಲ್ಲಿ, ಇಲ್ಲಿಯೇ ಬಿಡಿಭಾಗಗಳನ್ನು ತಯಾರಿಸುವ ಯೋಜನೆ ಇಲ್ಲದವರಿಗೆ ಜೋಡಣೆಯ ಅವಕಾಶವೂ ಇಲ್ಲವೆಂದಿತು. ಫೋರ್ಡ್, ಜನರಲ್ ಮೋಟರ್ಸ್ ಎರಡೂ ಗಂಟುಮೂಟೆ ಕಟ್ಟಿದವು. ಗಿರಾಕಿಗೆ ಉಳಿದದ್ದು ಮುಖ್ಯವಾಗಿ ಮೂರು ಮನೆಗಳ ಕಾರು: ಅಂಬಾಸಡರ್, ಫಿಯೆಟ್, ಸ್ಟ್ಯಾಂಡರ್ಡ್. ಉಕ್ಕು, ವಿದೇಶಿ ವಿನಿಮಯ, ಲೈಸೆನ್ಸು ಎಲ್ಲವೂ ಅಳತೆಯಲ್ಲಿದ್ದ ಕಾಲದಲ್ಲಿ ಕಾರುಗಳೂ ಅಳತೆಯಲ್ಲೇ ಹೊರಬಂದವು. ೧೯೫೯ರಲ್ಲಿ ಕಾರಿನ ಹಂಚಿಕೆ ಮತ್ತು ಮಾರಾಟದ ಮೇಲೆ ನಿಯಂತ್ರಣದ ಆಜ್ಞೆ ಬಂದಿತು. ಕಾರು ಬೇಕಾದವನು ಹಣ ಕಟ್ಟಿ ಹೆಸರು ನೋಂದಾಯಿಸಿ ಸರದಿಗಾಗಿ ಕಾಯಬೇಕು. ಫಿಯೆಟ್ಟಿಗಂತೂ ಹಲವು ವರ್ಷ. ಮಗಳು ಶಾಲೆಗೆ ಸೇರಿದಾಗ ಹೆಸರು ಬರೆಸಿದರೆ ಅವಳ ಮದುವೆಯ ದಿಬ್ಬಣಕ್ಕೆ ಕಾರು ಬರುತ್ತದೆಂದು ಜನ ನಗುತ್ತಿದ್ದರು. ನಗು ಉತ್ಪ್ರೇಕ್ಷೆಯದಾದರೂ ಕಾಯುವಿಕೆ ಉತ್ಪ್ರೇಕ್ಷೆಯಲ್ಲ. ಮಾರುತಿ ಬರುವ ಮುನ್ನ ಇಡೀ ದೇಶದಲ್ಲಿ ವರ್ಷಕ್ಕೆ ತಯಾರಾಗುತ್ತಿದ್ದ ಕಾರುಗಳು ಐವತ್ತು ಸಾವಿರವನ್ನು ಮುಟ್ಟಿರಲಿಲ್ಲ.

ಇಲ್ಲಿ ಒಂದು ವಿಚಿತ್ರ ನಡೆಯಿತು. ಹೊಸ ಕಾರಿನ ಬೆಲೆ ಸರ್ಕಾರದ ಕಣ್ಗಾವಲಿನಲ್ಲಿತ್ತು. ೧೯೬೯ರಲ್ಲಿ ಅದಕ್ಕೆ ಕಾನೂನಿನ ಬಿಗಿಯೂ ಬಂದು, ಕಂಪನಿಗಳು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದವು. ಹಳೆಯ ಕಾರಿನ ಬೆಲೆಗೆ ಮಾತ್ರ ಅಂಥ ಲಗಾಮಿರಲಿಲ್ಲ. ಸರದಿಯಲ್ಲಿ ನಿಲ್ಲಲಾರದವನು ಹೆಚ್ಚು ಕೊಟ್ಟು ಕೊಳ್ಳಲು ಸಿದ್ಧ. ಹೀಗಾಗಿ ಒಂದೆರಡು ವರ್ಷ ಓಡಿದ ಫಿಯೆಟ್ಟಿಗೆ ಹೊಸ ಫಿಯೆಟ್ಟಿಗಿಂತ ಮಿಗಿಲಾದ ಬೆಲೆ ಬಂದಿತು! ಉಟ್ಟ ಸೀರೆಗೆ ಹೊಸ ಸೀರೆಗಿಂತ ಹೆಚ್ಚು ಬೆಲೆ ಎಂದರೆ ಯಾರಾದರೂ ನಂಬುವರೆ? ಕಾರಿನ ವಿಷಯದಲ್ಲಿ ನಂಬಿದರು, ಕೊಟ್ಟರು. ಹೊಸ ಕಾರನ್ನು ಪಡೆದು ಲಾಭಕ್ಕೆ ದಾಟಿಸುವವರನ್ನು ತಡೆಯಲು, ಎರಡು ವರ್ಷದೊಳಗೆ ಅನುಮತಿಯಿಲ್ಲದೆ ಮಾರಕೂಡದೆಂಬ ಕಟ್ಟಳೆಯನ್ನೂ ಮಾಡಬೇಕಾಯಿತು. ರಾಯಭಾರ ಕಚೇರಿಗಳವರು ಬಿಟ್ಟುಹೋದ ವಿದೇಶಿ ಕಾರುಗಳನ್ನು ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಹರಾಜು ಹಾಕಿದರೆ ಕೈಯೆತ್ತುವ ಶ್ರೀಮಂತರಿಗೆ ಕೊರತೆಯಿರಲಿಲ್ಲ.

ಇಂಥ ಕಾಲದಲ್ಲಿ ಗುಮಾಸ್ತೆಯೋ ಅಧ್ಯಾಪಕನೋ ಆದವನು ಕಾರು ಕೊಳ್ಳಬೇಕೆಂದರೆ ಅವನ ಪಾಲಿಗೆ ಬರುತ್ತಿದ್ದುದು ಮೂರನೆಯ ಕೈ, ನಾಲ್ಕನೆಯ ಕೈ ದಾಟಿದ ಕಾರು. ಅದು ಎಷ್ಟು ಓಡಿದೆ ಎಂದು ತಿಳಿಯುವುದು ಹೇಗೆ? ಮೀಟರಿನಲ್ಲಿ ಐದೇ ಅಂಕೆ. ೯೯,೯೯೯ ಮುಗಿದೊಡನೆ ಸೊನ್ನೆಗಳ ಸಾಲು ಮತ್ತೆ ತಲೆಹಾಕುತ್ತಿತ್ತು. ನಮ್ಮ ಕಡೆಯ ದನದ ಜಾತ್ರೆಗಳನ್ನು ಕಂಡವರಿಗೆ ಇದು ಹೊಸದಲ್ಲ. ಘಾಟಿ ಸುಬ್ರಹ್ಮಣ್ಯದ ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತ ಮೊದಲು ಅದರ ಬಾಯಿ ಬಿಡಿಸುತ್ತಾನೆ. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು. ಅಲ್ಲಿಯವರೆಗೆ ವಯಸ್ಸಿನ ಲೆಕ್ಕ ಸ್ಪಷ್ಟ. ಎಂಟೂ ಹಲ್ಲು ಬಂದು ಬಾಯಿಗೂಡಿತೆಂದರೆ ಆಮೇಲೆ ಹಲ್ಲಿನ ಎಣಿಕೆ ಹೇಳುವುದು ಅಷ್ಟಕ್ಕಷ್ಟೆ. ಆಗ ರೈತ ಎತ್ತನ್ನು ನಡೆಸಿ ನೋಡುತ್ತಾನೆ, ಹೆಗಲು ಮುಟ್ಟಿ ನೋಡುತ್ತಾನೆ, ಕೊನೆಗೆ ಎತ್ತಿನವನು ಯಾವ ಊರಿನವನು, ಎಂಥ ಬೇಸಾಯಗಾರ ಎಂದು ವಿಚಾರಿಸುತ್ತಾನೆ.

ನಮ್ಮ ನಗರಗಳ ಕಾರು ಕೊಳ್ಳುವವನೂ ಇದನ್ನೇ ಮಾಡಿದ. ಮೀಟರನ್ನು ಬಿಟ್ಟು ಪೆಡಲುಗಳ ರಬ್ಬರ್ ಎಷ್ಟು ಸವೆದಿದೆ ಎಂದು ನೋಡಿದ. ಚಾಲಕನ ಕಡೆಯ ಬಾಗಿಲು ಜೋತಿದೆಯೆ, ಸೀಟಿನ ಸ್ಪ್ರಿಂಗು ಕುಸಿದಿದೆಯೆ ಎಂದು ಪರೀಕ್ಷಿಸಿದ. ಕಾಲೊರಸನ್ನು ಎತ್ತಿ ತುಕ್ಕನ್ನು ಹುಡುಕಿದ. ಎಂಜಿನ್ ಚಾಲೂ ಮಾಡಿಸಿ ಹಿಂದೆ ಹೋಗಿ ನಿಂತು ಹೊಗೆಯ ಬಣ್ಣ ನೋಡಿದ. ನೀಲಿ ಹೊಗೆ ಎಂದರೆ ಎಂಜಿನ್ನು ಎಣ್ಣೆ ಕುಡಿಯುತ್ತಿದೆ, ಪಿಸ್ಟನ್ ರಿಂಗುಗಳು ಸವೆದಿವೆ, ರೀಬೋರಿನ ಖರ್ಚು ಬಾಗಿಲಲ್ಲಿ ಕಾದಿದೆ ಎಂದು ಅರ್ಥ. ಮಾರುವವರ ಬಳಿಯೂ ವಿದ್ಯೆಗಳಿದ್ದವು. ಗೇರ್ ಪೆಟ್ಟಿಗೆಯ ಗುರುಗುಟ್ಟುವಿಕೆಯನ್ನು ಅಡಗಿಸಲು ಅದರೊಳಗೆ ಮರದ ಹೊಟ್ಟು ತುಂಬುವುದು, ಎಂಜಿನ್ನಿಗೆ ಗಟ್ಟಿ ಎಣ್ಣೆ ಹೊಯ್ದು ಒಂದು ವಾರದ ಮಟ್ಟಿಗೆ ಸದ್ದು ಕುಗ್ಗಿಸುವುದು, ಟಿಂಕರಿಂಗ್ ಮಾಡಿ ಪುಟ್ಟಿ ಮೆತ್ತಿ ಬಣ್ಣ ಹೊಡೆದು ಅಪಘಾತದ ಗುರುತನ್ನು ಮುಚ್ಚುವುದು. ಕೊಳ್ಳುವವನಿಗೂ ಮಾರುವವನಿಗೂ ನಡೆದ ಈ ಕಣ್ಣುಮುಚ್ಚಾಲೆ ಅರ್ಧ ಶತಮಾನದ ಆಟ.

ಈ ಆಟದಲ್ಲಿ ಕಡೆಗೂ ಜಯ ತಂದುಕೊಡುತ್ತಿದ್ದುದು ಮನುಷ್ಯರ ಪರಿಚಯ. "ಡಾಕ್ಟರ ಕಾರು" ಎಂದರೆ ಬೆಲೆ ಒಂದು ತೂಕ ಹೆಚ್ಚು. ರೋಗಿಯ ಮನೆಗೆ ಹೊತ್ತಿಗೆ ಸರಿಯಾಗಿ ಹೋಗಬೇಕಾದವರು ಕಾರನ್ನು ಕೆಡಗೊಡುವುದಿಲ್ಲ ಎಂಬ ನಂಬಿಕೆ. ಮಿಲಿಟರಿ ಅಧಿಕಾರಿಯ ಕಾರಿಗೂ ಅಂಥದೇ ಹೆಸರು. ಅದಕ್ಕಿಂತ ದೊಡ್ಡ ಸಾಕ್ಷಿ ಆ ಕಾರನ್ನು ವರ್ಷಗಳಿಂದ ನೋಡಿಕೊಂಡ ಮೆಕ್ಯಾನಿಕ್. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳು, ಶಿವಾಜಿನಗರದ ಗುಜರಿ, ಬೀದಿಗೊಂದರಂತೆ ಇದ್ದ ಸಣ್ಣ ಗ್ಯಾರೇಜುಗಳು, ಇವೆಲ್ಲ ಸೇರಿ ಹಳೆಯ ಕಾರಿನ ಆಯುಸ್ಸನ್ನು ಬೆಳೆಸಿದವು. ಅಂಬಾಸಡರು ದಶಕಗಳ ಕಾಲ ಹೆಚ್ಚೇನೂ ಬದಲಾಗಲಿಲ್ಲವೆಂದು ನಾವು ಹಾಸ್ಯ ಮಾಡುತ್ತೇವೆ. ಆದರೆ ಬದಲಾಗದ ಕಾರಿಗೆ ಒಂದು ಗುಣವಿದೆ. ಹತ್ತು ವರ್ಷ ಹಳೆಯ ಕಾರಿನ ಭಾಗ ಹೊಸದಕ್ಕೂ, ಹೊಸದರದು ಹಳೆಯದಕ್ಕೂ ಕೂರುತ್ತದೆ. ಅದನ್ನು ಬಿಚ್ಚಿ ಜೋಡಿಸಬಲ್ಲವನು ಚಳ್ಳಕೆರೆಯಲ್ಲೂ ಸಿಗುತ್ತಾನೆ, ಚಿಕ್ಕಮಗಳೂರಿನಲ್ಲೂ ಸಿಗುತ್ತಾನೆ. ಕೊರತೆಯ ಕಾಲ ನಮಗೆ ಕೆಟ್ಟ ಕಾರುಗಳನ್ನು ಕೊಟ್ಟಿತು ಎನ್ನುವುದು ನಿಜ. ಅದೇ ಕಾಲ ರಿಪೇರಿಯ ವಿದ್ಯೆಯನ್ನು ಮೂಲೆಮೂಲೆಗೆ ಹರಡಿತು ಎನ್ನುವುದೂ ಅಷ್ಟೇ ನಿಜ.

"ಮೈಲೇಜ್" ಎಂಬ ಮಾತಿನ ಕಥೆಯನ್ನೂ ಇಲ್ಲಿಯೇ ಹೇಳಬಹುದು. ಇಂಗ್ಲಿಷಿನವರಿಗೆ ಅದು ಕಾರು ಒಟ್ಟು ಓಡಿದ ದೂರ. ನಮ್ಮಲ್ಲಿ ಮೈಲಿಗಲ್ಲುಗಳು ಹೋಗಿ ಕಿಲೋಮೀಟರ್ ಕಲ್ಲುಗಳು ಬಂದು ಎಷ್ಟೋ ವರ್ಷಗಳಾದವು. ಮೈಲೇಜ್ ಮಾತ್ರ ಉಳಿಯಿತು, ಅರ್ಥ ಬದಲಾಯಿಸಿಕೊಂಡು ಉಳಿಯಿತು. "ಮೈಲೇಜ್ ಎಷ್ಟು ಕೊಡುತ್ತೆ?" ಎಂದು ನಾವು ಕೇಳುವುದು ಒಂದು ಲೀಟರಿಗೆ ಎಷ್ಟು ದೂರ ಎಂದು. ೧೯೭೩ರಲ್ಲಿ ಅರಬ್ ದೇಶಗಳು ತೈಲವನ್ನು ಬಿಗಿಹಿಡಿದು ಬೆಲೆ ನೆಗೆದ ಮೇಲೆ ಈ ಪ್ರಶ್ನೆಗೆ ತೂಕ ಬಂದಿತು. ಷೆವರ್ಲೆ, ಡಾಡ್ಜ್, ಪ್ಲಿಮತ್ ಮೊದಲಾದ ಐರಾವತಗಳು ಅಗ್ಗವಾದವು. ಕೊಳ್ಳುವ ಹಣ ಒಂದು, ಸಾಕುವ ಹಣ ಇನ್ನೊಂದು ಎಂಬುದು ಆನೆಯ ವಿಷಯದಲ್ಲಿ ನಮ್ಮವರಿಗೆ ಮೊದಲೇ ತಿಳಿದಿತ್ತು. ಕಾರಿನ ವಿಷಯದಲ್ಲಿ ಆಗ ತಿಳಿಯಿತು.

ನಾವು ಹೀಗೆ ಹಳೆಯ ಕಾರಿನ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದ ಕಾಲದಲ್ಲೇ ಅಮೆರಿಕದ ಒಬ್ಬ ತರುಣ ಅರ್ಥಶಾಸ್ತ್ರಜ್ಞ ಅದೇ ವಿಷಯವನ್ನು ಶಾಸ್ತ್ರವಾಗಿ ಮಾಡಿದ. ಜಾರ್ಜ್ ಅಕರ್‌ಲಾಫ್ ಎಂದು ಹೆಸರು. ಅಮೆರಿಕದ ಆಡುಮಾತಿನಲ್ಲಿ ಕೆಟ್ಟ ಕಾರಿಗೆ "ನಿಂಬೆಹಣ್ಣು" ಎನ್ನುತ್ತಾರೆ. ನಾವು ಕಾರಿಗೆ ಪೂಜೆ ಮಾಡಿ ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತೇವೆ; ಅವರು ಕಾರನ್ನೇ ನಿಂಬೆಹಣ್ಣು ಎಂದುಬಿಡುತ್ತಾರೆ! ನಿಂಬೆಹಣ್ಣುಗಳ ಮಾರುಕಟ್ಟೆಯನ್ನು ಕುರಿತ ಅವರ ಪ್ರಬಂಧವನ್ನು ಮೂರು ವಿದ್ವತ್‌ಪತ್ರಿಕೆಗಳು ಹಿಂದಿರುಗಿಸಿದವು. ನಾಲ್ಕನೆಯದು ೧೯೭೦ರಲ್ಲಿ ಅಚ್ಚು ಹಾಕಿತು. ೨೦೦೧ರಲ್ಲಿ ಅದಕ್ಕಾಗಿಯೇ ಅವರಿಗೆ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರಕಿತು.

ಅವರ ವಾದ ಸರಳ. ಕಾರಿನ ಹುಳುಕು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದ್ದರಿಂದ ಕೊಳ್ಳುವವನು ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ನಡುವಣ ಬೆಲೆಯನ್ನಷ್ಟೇ ಹೇಳುತ್ತಾನೆ. ಒಳ್ಳೆಯ ಕಾರುಳ್ಳವನು "ಈ ಬೆಲೆಗೆ ಏಕೆ ಕೊಡಲಿ?" ಎಂದು ಮನೆಯಲ್ಲೇ ಇಟ್ಟುಕೊಳ್ಳುತ್ತಾನೆ. ಸಂತೆಗೆ ಬರುವುದರಲ್ಲಿ ಕೆಟ್ಟದ್ದರ ಪಾಲು ಹೆಚ್ಚುತ್ತದೆ. ಅದನ್ನು ಕಂಡು ಬೆಲೆ ಇನ್ನಷ್ಟು ಇಳಿಯುತ್ತದೆ, ಉಳಿದ ಒಳ್ಳೆಯವೂ ಹಿಂದೆಗೆಯುತ್ತವೆ. ಒಬ್ಬನ ಮೋಸದಿಂದ ಹಾಳಾಗುವುದು ಅವನ ಗಿರಾಕಿಯೊಬ್ಬನೇ ಅಲ್ಲ, ಪ್ರಾಮಾಣಿಕನಾದ ಮಾರಾಟಗಾರನೂ ಹಾಳಾಗುತ್ತಾನೆ. ಅಕರ್‌ಲಾಫರು ೧೯೬೭-೬೮ರಲ್ಲಿ ದೆಹಲಿಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿದ್ದರು. ಕಾರಿನ ಮೇಲಿನ ಆ ಪ್ರಬಂಧದಲ್ಲಿ ನಮ್ಮ ದೇಶದ ಗೃಹಿಣಿಯರ ಪ್ರಸ್ತಾಪವೂ ಬರುತ್ತದೆ. ಬೇಕೆಂದೇ ಬೆರೆಸಿದ, ಅಕ್ಕಿಯದೇ ಬಣ್ಣ ಆಕಾರಗಳ ಕಲ್ಲುಗಳನ್ನು ಮೊರದಲ್ಲಿ ಕುಳಿತು ಆರಿಸುವ ನಮ್ಮ ತಾಯಂದಿರು ಅರ್ಥಶಾಸ್ತ್ರದ ಬಹುಮಾನಿತ ಪ್ರಬಂಧದೊಳಗೆ ಕುಳಿತಿರುವುದನ್ನು ಓದಿದಾಗ ನನಗೆ ಬಹಳ ಸಂತೋಷವಾಯಿತು. ಹಳೆಯ ಕಾರು ಕೊಳ್ಳುವುದು ಅಕ್ಕಿಯಲ್ಲಿ ಕಲ್ಲು ಆರಿಸುವ ಕೆಲಸವೇ. ಒಂದು ವ್ಯತ್ಯಾಸ: ಅಕ್ಕಿಯ ಕಲ್ಲು ಹಲ್ಲಿಗೆ ಸಿಕ್ಕಿದರೆ ಒಂದು ತುತ್ತು ಹೋಗುತ್ತದೆ, ಕಾರಿನ ಕಲ್ಲು ಸಿಕ್ಕಿದರೆ ಎರಡು ವರ್ಷದ ಉಳಿತಾಯ ಹೋಗುತ್ತದೆ.

ಮಾರುತಿ ಬಂದ ಮೇಲೆ ನಮ್ಮ ಕಥೆ ತಿರುವು ಪಡೆಯಿತು. ಮೊದಲು ಅದಕ್ಕೂ ಸರದಿ; ಒಂದು ಲಕ್ಷಕ್ಕೂ ಹೆಚ್ಚು ಜನ ಹತ್ತು ಹತ್ತು ಸಾವಿರ ರೂಪಾಯಿ ಮುಂಗಡ ಕಟ್ಟಿ ಕುಳಿತರು. ೧೯೯೩ರಲ್ಲಿ ಕಾರು ತಯಾರಿಕೆಗೆ ಲೈಸೆನ್ಸಿನ ನಿರ್ಬಂಧ ಹೋಯಿತು. ಮುಂದಿನ ಏಳೆಂಟು ವರ್ಷಗಳಲ್ಲಿ ಹೊರದೇಶದ ಕಂಪನಿಗಳೂ ಟಾಟಾದವರೂ ಹೊಸ ಹೊಸ ಕಾರುಗಳನ್ನು ತಂದರು. ಸರದಿ ಕರಗಿತು, ಸಾಲ ಸುಲಭವಾಯಿತು. ಹೊಸದು ಧಾರಾಳವಾಗಿ ಸಿಗತೊಡಗಿದೊಡನೆ ಹಳೆಯದರ ಬೆಲೆ ನ್ಯಾಯವಾಗಿ ಇಳಿಯಿತು. ಪದ್ಮಿನಿ ಎಂದು ಹೆಸರು ಬದಲಾಯಿಸಿಕೊಂಡಿದ್ದ ಫಿಯೆಟ್ ಹೊಸ ಶತಮಾನದ ಹೊಸ್ತಿಲಲ್ಲಿ ನಿಂತಿತು. ಮುಂಬಯಿಯ ಟ್ಯಾಕ್ಸಿಗಳಲ್ಲಿ ಉಳಿದಿದ್ದ ಪದ್ಮಿನಿಯ ಆಯುಸ್ಸು ೨೦೨೩ರ ಅಕ್ಟೋಬರಿನಲ್ಲಿ ಮುಗಿಯಿತು. ಅಂಬಾಸಡರಿನ ತಯಾರಿಕೆ ೨೦೧೪ರ ಮೇ ತಿಂಗಳಲ್ಲಿ ಕೊನೆಗಂಡಿತು. ೨೦೦೧ರಲ್ಲಿ ಮಾರುತಿ ಕಂಪನಿಯೇ ಹಳೆಯ ಕಾರುಗಳ ಮಳಿಗೆಯನ್ನು ತೆರೆಯಿತು. ಇಂದು ದೇಶದಲ್ಲಿ ವರ್ಷಕ್ಕೆ ಮಾರಾಟವಾಗುವ ಹಳೆಯ ಕಾರುಗಳ ಸಂಖ್ಯೆ ಹೊಸವನ್ನು ಮೀರಿದೆ. ಎರಡನೆಯ ಒಡೆಯ ಈಗ ಬಹುಸಂಖ್ಯಾತ.

ಬೆಂಗಳೂರಿಗೆ ವಿಶ್ವೇಶ್ವರಯ್ಯನವರು ಬಯಸಿದ್ದ ಕಾರಿನ ಕಾರ್ಖಾನೆ ಬಂದದ್ದೂ ಈ ಹೊತ್ತಿನಲ್ಲೇ. ನಗರದ ಹೊರಗೆ ಬಿಡದಿಯಲ್ಲಿ ಜಪಾನಿನ ಟೊಯೋಟಾ ಕಂಪನಿ ಕಿರ್ಲೋಸ್ಕರರ ಜೊತೆ ಸೇರಿ ೨೦೦೦ದಲ್ಲಿ ಕ್ವಾಲಿಸ್ ವಾಹನವನ್ನು ಮಾರುಕಟ್ಟೆಗೆ ಬಿಟ್ಟಿತು. ೨೦೦೫ರಲ್ಲಿ ಅದರ ಜಾಗಕ್ಕೆ ಇನ್ನೋವಾ ಬಂದಿತು. ಹಳೆಯ ಕಾರಿನ ಚರಿತ್ರೆಯಲ್ಲಿ ಇವಕ್ಕೊಂದು ವಿಶೇಷ ಸ್ಥಾನವಿದೆ. ಮೀಟರಿನಲ್ಲಿ ಎರಡು ಮೂರು ಲಕ್ಷ ಕಿಲೋಮೀಟರ್ ಇದ್ದರೂ ಜನ ಅಂಜದೆ ಕೊಳ್ಳುವ ವಾಹನಗಳಿವು. ಹೆಚ್ಚು ಓಡಿದ್ದು ದೋಷವೆಂಬ ಮಾತನ್ನು ಇವು ಸುಳ್ಳು ಮಾಡಿದವು. ಕಾರಣ ಗೂಢವೇನಲ್ಲ. ಎಂಜಿನ್ನು ಹೆಚ್ಚಾಗಿ ಸವೆಯುವುದು ತಣ್ಣಗಿದ್ದಾಗ ಚಾಲೂ ಮಾಡಿದ ಮೊದಲ ನಿಮಿಷಗಳಲ್ಲಿ. ಹೆದ್ದಾರಿಯಲ್ಲಿ ಒಂದೇ ಹದದಲ್ಲಿ ಓಡಿದ ಲಕ್ಷ ಕಿಲೋಮೀಟರಿಗಿಂತ, ತರಕಾರಿಗೆ ಒಮ್ಮೆ, ಶಾಲೆಗೆ ಒಮ್ಮೆ ಎಂದು ಪೇಟೆಯ ಸಂದಣಿಯಲ್ಲಿ ಕ್ಲಚ್ಚನ್ನು ತುಳಿತುಳಿದು ಓಡಿಸಿದ ಮೂವತ್ತು ಸಾವಿರ ಕಿಲೋಮೀಟರ್ ಕೆಲವೊಮ್ಮೆ ಹೆಚ್ಚು ಕೇಡು. ಕದಲದೆ ನಿಂತ ಕಾರಂತೂ ಇನ್ನೂ ಅಪಾಯ. ಟಯರು ಬಿರಿಯುತ್ತದೆ, ರಬ್ಬರ್ ಕೊಳವೆಗಳು ಒಣಗುತ್ತವೆ, ಬ್ಯಾಟರಿ ಸಾಯುತ್ತದೆ. ಎಣ್ಣೆಯನ್ನು ಹೊತ್ತಿಗೆ ಸರಿಯಾಗಿ ಬದಲಾಯಿಸಿದ ಮನೆಯ ಲಕ್ಷ ಕಿಲೋಮೀಟರ್, ಬದಲಾಯಿಸದ ಮನೆಯ ಐವತ್ತು ಸಾವಿರಕ್ಕಿಂತ ಮೇಲು.

ಹೀಗಿದ್ದರೂ ಜನ ಮೀಟರನ್ನೇ ನಂಬುತ್ತಾರೆ. ಆದ್ದರಿಂದಲೇ ಅದನ್ನು ತಿರುಗಿಸುವವರೂ ಇದ್ದಾರೆ. ಅಮೆರಿಕದಲ್ಲಿ ೧೯೭೨ರಲ್ಲೇ ಮೀಟರ್ ಹಿಂದಕ್ಕೆ ತಿರುಗಿಸುವುದನ್ನು ದೇಶವ್ಯಾಪಿ ಕಾನೂನಿನಿಂದ ಅಪರಾಧವೆಂದು ಸಾರಿದರು. ಹಲ್ಲುಚಕ್ರದ ಮೀಟರು ಹೋಗಿ ವಿದ್ಯುನ್ಮಾನದ ಮೀಟರು ಬಂದಮೇಲೆ ಕೆಲಸ ಕಷ್ಟವಾಗಬಹುದೆಂದು ಎಣಿಸಿದ್ದೆವು. ಸ್ಕ್ರೂಡ್ರೈವರಿನ ಜಾಗಕ್ಕೆ ಲ್ಯಾಪ್‌ಟಾಪು ಬಂದಿತು, ಅಷ್ಟೆ. ಟ್ಯಾಕ್ಸಿಯಾಗಿ ದುಡಿದ ವಾಹನದ ಹಳದಿ ಬೋರ್ಡು ತೆಗೆಸಿ ಬಿಳಿ ಬೋರ್ಡು ಹಾಕಿಸಿ ಮನೆಯ ಕಾರೆಂದು ತೋರಿಸುವುದುಂಟು. ೨೦೧೫ರಲ್ಲಿ ಹಸಿರು ನ್ಯಾಯಮಂಡಳಿಯ ಆದೇಶದಿಂದ, ೨೦೧೮ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಿಂದ ದೆಹಲಿಯ ಹಳೆಯ ಕಾರುಗಳಿಗೆ ಅಲ್ಲಿ ಓಡಾಟ ದುಸ್ತರವಾದಾಗ ಅವು ಅಗ್ಗದ ಬೆಲೆಗೆ ಬೇರೆ ರಾಜ್ಯಗಳತ್ತ ಹೊರಟವು. ಆ ಬೆಲೆ ಕಂಡು ಬೆರಗಾಗುವವರು, ಕರ್ನಾಟಕದಲ್ಲಿ ಮತ್ತೆ ಕಟ್ಟಬೇಕಾದ ಜೀವಿತಾವಧಿ ತೆರಿಗೆಯನ್ನೂ ಹಿಂದಿನ ಊರಿನ ನಿರಾಕ್ಷೇಪಣಾ ಪತ್ರವನ್ನೂ ಲೆಕ್ಕಕ್ಕೆ ಸೇರಿಸಿಕೊಂಡರೆ ಬೆರಗು ಕಡಿಮೆಯಾಗುತ್ತದೆ.

ಕಾಗದಪತ್ರದ ಮಾತು ಬಂದದ್ದರಿಂದ ಒಂದು ವಿಷಯವನ್ನು ಒತ್ತಿ ಹೇಳಬೇಕು. ಕಾರು ಕೈ ಬದಲಾದರೂ ಆರ್‌.ಸಿ.ಯಲ್ಲಿ ಹೆಸರು ಬದಲಾಗದೆ ಉಳಿಯುವುದು ನಮ್ಮಲ್ಲಿ ಹಳೆಯ ರೋಗ. ೧೯೮೮ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಅದೇ ರಾಜ್ಯದೊಳಗಿನ ಮಾರಾಟವಾದರೆ ಮಾರಿದವನು ೧೪ ದಿನಗಳಲ್ಲಿ ಸಾರಿಗೆ ಕಚೇರಿಗೆ ತಿಳಿಸಬೇಕು. ತಿಳಿಸದಿದ್ದರೆ ನಾಳೆ ಆ ಕಾರು ಯಾರಿಗಾದರೂ ಡಿಕ್ಕಿ ಹೊಡೆದಾಗ ಪೊಲೀಸರು ಬರುವುದು ಹಳೆಯ ಒಡೆಯನ ಮನೆಗೆ. ನಡುವಿನ ವ್ಯಾಪಾರಿಯ ಕೈಯಲ್ಲಿ ಕಾರು ತಿಂಗಳುಗಟ್ಟಲೆ ಯಾರದೂ ಅಲ್ಲದೆ ನಿಲ್ಲುತ್ತಿದ್ದುದನ್ನು ತಪ್ಪಿಸಲು, ನೋಂದಾಯಿತ ವ್ಯಾಪಾರಿಗಳಿಗೆ ಹೊಣೆ ಹೊರಿಸುವ ನಿಯಮಗಳು ೨೦೨೩ರ ಏಪ್ರಿಲ್‌ನಿಂದ ಜಾರಿಗೆ ಬಂದವು. ಎರಡನೆಯ ಒಡೆಯನೊಬ್ಬನಿದ್ದಾನೆ, ಅವನಿಗೂ ರಕ್ಷಣೆ ಬೇಕು ಎಂದು ಕಾನೂನು ಒಪ್ಪಿಕೊಳ್ಳಲು ಇಷ್ಟು ಕಾಲ ಹಿಡಿಯಿತು.

ಯಾರಾದರೂ ಪರಿಚಿತರು ಕಾರು ನೋಡಲು ಕರೆದಾಗ ನಾನು ಇಂದಿಗೂ ಮೀಟರನ್ನು ಕಡೆಗೆ ನೋಡುತ್ತೇನೆ. ಬೆಳಗ್ಗೆ ಎಂಜಿನ್ನು ತಣ್ಣಗಿರುವಾಗ ಹೋಗುತ್ತೇವೆ. ನಾವು ಬರುವ ಮೊದಲೇ ಬಿಸಿ ಮಾಡಿಟ್ಟಿದ್ದರೆ ಅದಕ್ಕೊಂದು ಕಾರಣ ಕೇಳುತ್ತೇವೆ. ಸರ್ವೀಸಿನ ರಸೀದಿಗಳಲ್ಲಿ ಬರೆದ ಕಿಲೋಮೀಟರುಗಳು ಮೀಟರಿನೊಡನೆ ತಾಳೆಯಾಗುತ್ತವೆಯೆ, ವಿಮೆಯಲ್ಲಿ ದೊಡ್ಡ ಪರಿಹಾರ ಪಡೆದದ್ದುಂಟೆ, ಬ್ಯಾಂಕಿನ ಸಾಲ ತೀರಿ ಆರ್‌.ಸಿ.ಯಿಂದ ಹೆಸರು ತೆಗೆದಿದ್ದಾರೆಯೆ ಎಂದು ನೋಡುತ್ತೇವೆ. ನಮ್ಮ ಊರಿನಲ್ಲೇ ಬಿಡಿಭಾಗ ಸಿಗುವ ಕಾರೇ ಆಗಬೇಕು. ಮಾರುವವರ ನೆಂಟನಲ್ಲದ ಮೆಕ್ಯಾನಿಕನಿಗೆ ಅವನ ಕೂಲಿಯನ್ನು ಮೊದಲೇ ಕೊಟ್ಟು, ಕಾರನ್ನು ಎತ್ತಿಸಿ ಅಡಿಯಲ್ಲಿ ನೋಡಿಸುತ್ತೇವೆ. ಕೈಯಲ್ಲಿರುವ ಹಣವನ್ನೆಲ್ಲ ಬೆಲೆಗೇ ಸುರಿಯದೆ ಟಯರು, ಬ್ಯಾಟರಿ, ಬೆಲ್ಟು, ಬ್ರೇಕುಗಳಿಗೆಂದು ಒಂದು ಗಂಟನ್ನು ಬೇರೆ ಕಟ್ಟಿಡುತ್ತೇವೆ. ಇಷ್ಟೂ ಆದಮೇಲೆ ಮನೆಯವರ ಜೊತೆ ಕುಳಿತು ಒಂದು ಲೋಟ ಕಾಫಿ ಕುಡಿಯುತ್ತೇವೆ. ಕಾರನ್ನು ಏಕೆ ಮಾರುತ್ತಿದ್ದೀರಿ ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಬರುವುದು ಸಾಮಾನ್ಯವಾಗಿ ಆಗಲೇ, ಅದೂ ಬಹಳ ಸಲ ಮನೆಯ ಯಜಮಾನರಿಂದಲ್ಲ, ಒಳಗಿನಿಂದ ಲೋಟ ತಂದುಕೊಡುವ ಅಜ್ಜಿಯ ಬಾಯಿಂದ.